ಹೊಲದಜ್ಜಿಯ ಪಾಲು

ಆ ದಿನ ಕಲ್ಲಿನ ಮುಂದೆ ನಾವು ನಾಲ್ಕು ಜನ ಇದ್ದೆವು. ಹೊಲದ ಯಜಮಾನ ಹುಚ್ಚಪ್ಪ, ಅವನ ಹೆಂಡತಿ ಲೀಲಾವತಿ, ಅವನ ತಾಯಿ ಗುತ್ತೆಮ್ಮ, ಮತ್ತು ಅಳತೆಗೆಂದು ಹೋಗಿದ್ದ ಸರ್ವೇಯರ್ ನಾನು. ಸೊರಬದಿಂದ ಕುಬಟೂರಿನ ಕಡೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗಿನ ಹೊಲ ಅದು. ನವರಾತ್ರಿ ಮುಗಿದಿತ್ತು, ಭೂಮಿ ಹುಣ್ಣಿಮೆಗೆ ಇನ್ನು ಮೂರು ದಿನ ಇತ್ತು. ಮಳೆ ಹೋಗಲೋ ಇನ್ನೊಂದು ಸಲ ಬರಲೋ ಎಂದು ತೀರ್ಮಾನವಾಗದೆ ಪಡುವಣ ಗುಡ್ಡದ ಮೇಲೆ ಕೂತಿತ್ತು.

ಇದನ್ನು ಈಗ ಬರೆಯುವುದಕ್ಕೆ ಕಾರಣ ಮೊನ್ನೆ ಶಿಕಾರಿಪುರದ ಪಕ್ಕದ ಒಂದು ಊರಿನಲ್ಲಿ ನಡೆದದ್ದು. ಕೆರೆ ಏರಿಯ ಕೆಳಗೆ ಅಕ್ಷರದ ಕಲ್ಲು ಇದೆ, ಬಂದು ಓದಿಕೊಡಿ ಎಂದು ಕರೆದಿದ್ದರು. ನೌಕರಿಯಿಂದ ನಿವೃತ್ತನಾದರೂ ಈ ಚಟದಿಂದ ಆಗಿಲ್ಲ, ಹೋದೆ. ಹೋದವನು ಕಲ್ಲಿನ ಕಡೆ ನೋಡುವ ಮೊದಲೇ ಗುದ್ದಲಿ ಕೇಳಿದೆ. ಓದೋಕೆ ಗುದ್ದಲಿ ಯಾಕ್ರಿ ಎಂದು ಅಲ್ಲಿದ್ದವರು ನಕ್ಕರು. ಬುಡ ಬಿಡಿಸುವಾಗ ಎದ್ದ ಹಸಿ ಮಣ್ಣಿನ ವಾಸನೆಗೆ ಗುತ್ತೆಮ್ಮನವರ ಹೊಲ ಕಣ್ಣ ಮುಂದೆ ಬಂದು ನಿಂತಿತು. ಆ ಜನರಿಗೆ ಏನೋ ಹೇಳಿ ಮಾತು ತೇಲಿಸಿದೆ. ಸರಿಯಾದ ಉತ್ತರ ಇಲ್ಲಿದೆ.

ನಾನು ಹುಟ್ಟಿ ಬೆಳೆದದ್ದು ಶಿಕಾರಿಪುರ. ಆ ವರ್ಷ ನನ್ನನ್ನು ಸೊರಬಕ್ಕೆ ಹಾಕಿದ್ದರು. ಮನೆ ಬದಲಾಯಿಸದೆ ದಿನಾ ಶಿರಾಳಕೊಪ್ಪದ ಮೇಲೆ ಬೈಕಿನಲ್ಲಿ ಓಡಾಡುತ್ತಿದ್ದೆ. ಹಳಗನ್ನಡದ ಅಕ್ಷರ ಓದುವುದನ್ನು ಕಲಿಸಿದವರು ನಮ್ಮ ದೊಡ್ಡಪ್ಪ. ಅವರು ಶಾಲೆ ಕಲಿತದ್ದು ಕಡಿಮೆ. ಶಾನುಭೋಗರ ಮನೆಯ ಕಡತಗಳನ್ನು ಬಿಡಿಸಿ ಬಿಡಿಸಿ ಓದುತ್ತ, ಅಲ್ಲಿಂದ ಹಿಂದೆ ಹಿಂದೆ ಹೋಗಿ ಕಲ್ಲಿನ ಅಕ್ಷರಕ್ಕೆ ಮುಟ್ಟಿದ್ದರು. ಸಂಜೆ ಜಗಲಿಯ ಮೇಲೆ ಕೂರಿಸಿಕೊಂಡು, ಬೆರಳನ್ನು ನೀರಿನಲ್ಲಿ ಅದ್ದಿ, ಕಪ್ಪು ಹಾಸುಗಲ್ಲಿನ ಮೇಲೆ ಒಂದೊಂದೇ ಅಕ್ಷರ ಬರೆದು, ಅದು ಆರುವುದರೊಳಗೆ ಹೇಳು ಎನ್ನುತ್ತಿದ್ದರು. ನನ್ನ ಮಾತು, ನನ್ನ ಓದು ಎರಡೂ ಅವರದೇ. ಅವಸರ ಮಾತ್ರ ನನ್ನದು.

ಸರ್ವೇ ಕೆಲಸಕ್ಕೂ ಈ ಚಟಕ್ಕೂ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು. ಹೊಲದ ಗಡಿ ಗುರುತಿಸುವ ಹದ್ದುಬಸ್ತಿಗೆಂದು ಹೋದಲ್ಲೆಲ್ಲ ಬದು, ಹಳ್ಳ, ಕೆರೆ ಅಂಗಳ ಸುತ್ತಬೇಕು. ನಮ್ಮ ಈ ಎರಡು ತಾಲ್ಲೂಕುಗಳಲ್ಲಿ ಎಡವಿದರೆ ಹಳೇ ಕಲ್ಲು. ಶಿರಾಳಕೊಪ್ಪದ ಒಂದು ಖಾನಾವಳಿಯ ಹಿಂದೆ ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ಕುದುರೆ ಸವಾರನೊಬ್ಬ ಇದ್ದ. ಅವನ ಮುಖದ ಮೇಲೆ ಎಷ್ಟು ವರ್ಷದ ಸಾರು ಹರಿದಿತ್ತೋ. ಗುಡವಿಗೆ ಹೋದವರೆಲ್ಲ ಹಕ್ಕಿ ನೋಡಲು ತಲೆ ಎತ್ತಿ ನಡೆದರೆ ನಾನು ಮೆಟ್ಟಿಲ ಕಲ್ಲು ನೋಡುತ್ತ ತಲೆ ತಗ್ಗಿಸಿ ನಡೆಯುತ್ತಿದ್ದೆ. ಹೆಂಡತಿ, ನಿಮ್ಮ ಜೊತೆ ಎಲ್ಲಿಗಾದರೂ ಹೋದರೆ ಏನೋ ಬೀಳಿಸಿಕೊಂಡು ಹುಡುಕ್ತಿದಾರೆ ಅಂತ ಜನ ತಿಳ್ಕೋತಾರೆ ಎನ್ನುತ್ತಿದ್ದಳು. ರಾಜ ಮಹಾರಾಜರ ಮೇಲೆ ನನಗೆ ಅಷ್ಟು ಆಸೆ ಇರಲಿಲ್ಲ, ಅವರನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ದನ ಕಾಯುವವನು, ಅಂಬಿಗ, ಬಡಗಿ, ಇಂಥವರ ಹೆಸರು ಕಲ್ಲಿನ ಮೇಲೆ ಸಿಕ್ಕರೆ ಅವತ್ತಿನ ಊಟ ರುಚಿಸುತ್ತಿತ್ತು.

ಹುಚ್ಚಪ್ಪನ ಹೊಲದ ಅಳತೆ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಪಕ್ಕದ ಹೊಲದವನು ಬದು ಒತ್ತಿದ್ದಾನೆ ಎಂದು ಇವನ ಅನುಮಾನ. ಮೂಲೆಯ ಬಾಂದುಕಲ್ಲು ಸಿಕ್ಕಿತು. ಬಾಂದುಕಲ್ಲು, ಅಂದರೆ ಸರ್ವೇಯವರು ಗಡಿಗೆ ನೆಟ್ಟ ಕಲ್ಲು, ಕಣ್ಣಿಗೆ ಬಿದ್ದ ತಕ್ಷಣ ನಂಬಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ರಾತ್ರೋರಾತ್ರಿ ಕಿತ್ತು ಸರಿಸಿ ನೆಡುವವರು ಇರುತ್ತಾರೆ. ಬುಡ ಅಗೆದು, ಮಣ್ಣು ಹಳೆಯದೋ ಹೊಸದೋ ನೋಡಿ, ಆಮೇಲೆ ಚೈನು ಹಿಡಿಯಬೇಕು. ಅವತ್ತೂ ಹಾಗೇ ಮಾಡಿದೆ, ಒಂದೂವರೆ ಅಡಿ ಅಗೆಸಿದೆ. ಕಲ್ಲು ತನ್ನ ಜಾಗದಲ್ಲೇ ಇತ್ತು, ಬದು ಒತ್ತಿರಲಿಲ್ಲ. ಹುಚ್ಚಪ್ಪನ ಮುಖ ಸ್ವಲ್ಪ ಸಣ್ಣದಾಯಿತು.

ವಾಪಸು ಬರುವಾಗ ಹೊಲದ ನಡುವೆ ಅದು ಕಂಡಿತು. ಸೊಂಟದೆತ್ತರದ ಕಲ್ಲು. ಎಣ್ಣೆ ಕುಡಿದು ಕುಡಿದು ಕರ್ರಗಾಗಿತ್ತು, ಮೇಲೆ ಅರಿಶಿನ ಕುಂಕುಮ. ಅದರ ಸುತ್ತ ನೇಗಿಲು ತಾಗದಂತೆ ಒಂದು ಮಾರು ಜಾಗ ಬಿಟ್ಟಿದ್ದರು.

"ಅದು ನಮ್ಮ ಹೊಲದಜ್ಜಿ," ಎಂದರು ಗುತ್ತೆಮ್ಮ.

ಬದುವಿನ ಮೇಲೆ ಕೂತು ಹುಣ್ಣಿಮೆಗೆ ಬೇಕಾದ ಸೊಪ್ಪು ಬಿಡಿಸುತ್ತಿದ್ದ ಅವರು ಎದ್ದು ಬಂದು ವಿವರ ಹೇಳಿದರು. ಭೂಮಿ ಹುಣ್ಣಿಮೆಯ ದಿನ ಇಲ್ಲಿಯ ರೈತರು ಬಸುರಿ ಭೂಮಿಗೆ ಬಯಕೆ ಊಟ ಮಾಡಿ ಒಯ್ಯುತ್ತಾರೆ. ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಬುತ್ತಿ, ಹತ್ತಾರು ಸೊಪ್ಪು ಬೆರೆಸಿ ಬೇಯಿಸಿದ ಚರಗ ತಂದು, ಚರಗವನ್ನು ಹೊಲದ ತುಂಬ ಬೀರಿ, ಭೂಮಿಗೆ ಎಡೆ ಇಟ್ಟು, ಅಲ್ಲೇ ಕೂತು ಉಣ್ಣುತ್ತಾರೆ. ಅದು ಎಲ್ಲರ ಮನೆಯಲ್ಲೂ ಉಂಟು. ಗುತ್ತೆಮ್ಮನವರ ಮನೆಯಲ್ಲಿ ಇನ್ನೊಂದು ಎಡೆ ಹೆಚ್ಚು, ಅದು ಈ ಕಲ್ಲಿಗೆ. ಅವರ ಅತ್ತೆ ಇಡುತ್ತಿದ್ದರು, ಅತ್ತೆಗೆ ಅವರ ಅತ್ತೆ ಹೇಳಿಕೊಟ್ಟಿದ್ದರು. ಗಂಡಸರು ಇಡುವಂತಿಲ್ಲ. ಮನೆಗೆ ಬಂದ ಸೊಸೆಗೆ ಒಲೆ ತೋರಿಸುವ ಮೊದಲು ಈ ಕಲ್ಲು ತೋರಿಸುವುದು ಪದ್ಧತಿ.

"ನಮ್ಮತ್ತೆ ಕಾಲದಾಗೆ ಅಜ್ಜಿ ಇನ್ನೂ ಎತ್ತರ ಇದ್ಲಂತೆ," ಎಂದೂ ಹೇಳಿದರು. "ವರ್ಷಾ ವರ್ಷಾ ಕೆರೆ ಗೋಡು ಹೊಡೆದು ಹೊಡೆದು ಹೊಲ ಮೇಲೆ ಬಂತು, ಅಜ್ಜಿ ಕೆಳಗೆ ಹೋದ್ಲು."

ಈ ಮಾತು ನನ್ನ ಕಿವಿಗೆ ಬಿತ್ತು. ಬಿದ್ದದ್ದು ನೆನಪಿದೆ. ಬೇಸಿಗೆಯಲ್ಲಿ ಕೆರೆಯ ಹೂಳು ತಂದು ಹೊಲಕ್ಕೆ ಹಾಕುವುದು ಗೊತ್ತಿರದವನೇನಲ್ಲ ನಾನು. ಎಷ್ಟು ಹಾಕಿದರೆ ಎಷ್ಟು ಏರುತ್ತದೆ ಎನ್ನುವುದೂ ಗೊತ್ತು.

ತೊಳೆಯಲೇ ಅಮ್ಮಾ ಎಂದು ಕೇಳಿದೆ. ಅವರಿಗೆ ಸಂತೋಷವೇ ಆಯಿತು. ಹಬ್ಬ ಬಂತು, ಅಜ್ಜಿಗೂ ಒಂದು ಸ್ನಾನ ಆಗಲಿ ಎಂದು ಸೊಸೆಯನ್ನು ಓಡಿಸಿ ಸೀಗೆಪುಡಿ ತರಿಸಿದರು. ಇಬ್ಬರೂ ಹೆಂಗಸರು ಕೊಡದಲ್ಲಿ ನೀರು ಹೊತ್ತು ತಂದರು. ಎಣ್ಣೆಯ ಪೊರೆ ಬಿಡಲು ಮುಕ್ಕಾಲು ಗಂಟೆ ಹಿಡಿಯಿತು. ಮೇಲೆ ಶಿವಲಿಂಗ, ಅದರ ಕೆಳಗೆ ಇಬ್ಬರು ಅಪ್ಸರೆಯರು ಒಬ್ಬ ಗಂಡಸಿನ ತೋಳು ಹಿಡಿದು ಸ್ವರ್ಗಕ್ಕೆ ಕರೆದೊಯ್ಯುತ್ತಿದ್ದಾರೆ. ಎರಡರ ನಡುವಿನ ಪಟ್ಟಿಯಲ್ಲಿ ಅಕ್ಷರ. ಅಪ್ಸರೆಯರ ಕೆಳಗಿನ ಚಿತ್ರದಲ್ಲಿ ಮಣ್ಣಿನ ಮೇಲೆ ಕಾಣುತ್ತಿದ್ದದ್ದು ಎರಡು ದನದ ಕೊಂಬು ಮಾತ್ರ. ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲು. ಕೊಂಬಿನ ಕೆಳಗೆ ದನ ಇರಬೇಕು, ದನದ ಕೆಳಗೆ ಇನ್ನೊಂದು ಪಟ್ಟಿ ಇರಬಹುದು. ಒಂದು ತಿಂಗಳು ಈ ವಿದ್ಯೆ ಕಲಿತವನಿಗೂ ತಿಳಿಯುವ ಮಾತು.

ಅಕ್ಕಿಹಿಟ್ಟು ಕೇಳಿ ಪಡೆದು ಅಕ್ಷರಗಳ ಮೇಲೆ ತಿಕ್ಕಿದೆ. ಬಿಳಿ ಹಿಟ್ಟು ಗೀರುಗಳಲ್ಲಿ ಕೂತು ಸಾಲು ಎದ್ದು ಕಂಡಿತು. ಊರಿನ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಅವನ್ನು ಮರಳಿಸಿ, ಕಾದಿ ಸತ್ತವನು ದನ ಕಾಯುವ ಕೇತ. ಓದುತ್ತ ಓದುತ್ತ ನನ್ನ ಮೈ ಬಿಸಿಯಾಯಿತು. ಸೇನಾಪತಿಯಲ್ಲ, ಗೌಡನಲ್ಲ, ದನ ಕಾಯುವವನು. ಎಂಟೊಂಬತ್ತು ನೂರು ವರ್ಷ ಯಾರೂ ಕರೆಯದ ಹೆಸರನ್ನು ನಾನು ಕರೆಯುತ್ತಿದ್ದೇನೆ ಎನ್ನಿಸಿತು. ಆ ಖುಷಿಯಲ್ಲೇ ಗುತ್ತೆಮ್ಮನ ಕಡೆ ತಿರುಗಿ ಹೇಳಿದೆ:

"ಅಮ್ಮಾ, ಇದು ಅಜ್ಜಿ ಅಲ್ರೀ. ಗಂಡಸು. ಕೇತ ಅಂತ ಹೆಸರು."

ಹುಚ್ಚಪ್ಪ ಜೋರಾಗಿ ನಕ್ಕ. ಇಷ್ಟು ವರ್ಷ ಗಂಡಸಿಗೆ ಕುಂಕುಮ ಹಚ್ಚಿದ್ಯಲ್ಲೇ ಅವ್ವಾ ಎಂದ. ಲೀಲಾವತಿ ಸೆರಗು ಬಾಯಿಗೆ ಇಟ್ಟುಕೊಂಡಳು. ಗುತ್ತೆಮ್ಮ ನಗಲಿಲ್ಲ.

"ಹಂಗಾರೆ ನಾನು ಉಣ್ಸಿದ್ದು ಯಾರಿಗೆ?"

ಈ ಪ್ರಶ್ನೆಗೆ ನಾನು ಭಾಷಣ ಮಾಡಿದೆ. ದನ ಹೊಡೆದೊಯ್ಯುವ ತುರುಗೋಳ್ ಎಂದರೇನು, ವೀರಗಲ್ಲು ಎಂದರೇನು, ಜನ ಕಾಲಾಂತರದಲ್ಲಿ ಮರೆತು ಹೇಗೆ ಏನೇನೋ ಹೆಸರಿನಿಂದ ಪೂಜಿಸುತ್ತಾರೆ, ಎಲ್ಲ ಹೇಳಿದೆ. ಅವರು ತಲೆ ಆಡಿಸಿದರು. ಕಲ್ಲಿನ ಬುಡ ನಾನು ಅಗೆಯಲಿಲ್ಲ. ಮಳೆ ಬರುವ ಹಾಗಿತ್ತು, ಕಚೇರಿಗೆ ಹೋಗಬೇಕಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ನಿಜ ಅದಲ್ಲ. ಬಾಂದುಕಲ್ಲಿಗೆ ಅಗೆದ ಗುದ್ದಲಿ ಹತ್ತು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ನನಗೆ ಬೇಕಾದ್ದು ಸಿಕ್ಕಿತ್ತು, ಅಷ್ಟೆ.

ಮುಂದಿನ ವಾರ ಶಿವಮೊಗ್ಗದ ಪತ್ರಿಕೆಯೊಂದರಲ್ಲಿ ನನ್ನ ಬರಹ ಬಂತು. ಕಲ್ಲಿನ ಮೇಲೆ ಕೈ ಇಟ್ಟು ನಿಂತ ನನ್ನ ಫೋಟೋ, ಹುಚ್ಚಪ್ಪನ ಮೊಬೈಲಿನಲ್ಲಿ ತೆಗೆದದ್ದು. ದನ ಕಾಯುವ ಕೇತ ಬೆಳಕಿಗೆ ಬಂದ. ಹುಚ್ಚಪ್ಪನ ಹೆಸರು ಹಾಕಿದ್ದೆ, ಸರ್ವೇ ನಂಬರು ಹಾಕಿದ್ದೆ. ಕಲ್ಲು ತೋರಿಸಿ, ಕಥೆ ಹೇಳಿ, ನೀರು ಹೊತ್ತವರ ಬಗ್ಗೆ 'ಸ್ಥಳೀಯ ವೃದ್ಧೆಯೊಬ್ಬರು ಇದನ್ನು ಅಜ್ಜಿಯೆಂದು ತಪ್ಪಾಗಿ ನಂಬಿದ್ದರು' ಎಂದು ಬರೆದಿದ್ದೆ. ಅವರ ಹೆಸರು ಗುತ್ತೆಮ್ಮ ಎಂದು ನನಗೆ ಆಗ ಗೊತ್ತೇ ಇರಲಿಲ್ಲ. ಕೇಳಿರಲಿಲ್ಲ.

ಆ ಚಳಿಗಾಲ ನಾನು ಬಹಳ ಖುಷಿಯಾಗಿದ್ದೆ. ಜನ ಗುರುತು ಹಿಡಿದು ಕಲ್ಲು ಸಾಹೇಬ್ರು ಎನ್ನತೊಡಗಿದರು. ಅಳತೆಗೆ ಹೋದ ಊರಲ್ಲೆಲ್ಲ ಚಹಾ ಕೊಟ್ಟು, ನಮ್ಮಲ್ಲೂ ಒಂದು ಕಲ್ಲೈತೆ ಬನ್ನಿ ಎನ್ನುವವರು ಹೆಚ್ಚಾದರು. ಒಗೆಯುವ ಕಲ್ಲು, ದನ ಕಟ್ಟುವ ಕಲ್ಲು, ಒಂದು ಕಡೆಯಂತೂ ಬಸ್ಸಿಗೆ ಕಾಯುವವರು ಕೂರುತ್ತಿದ್ದ ಕಲ್ಲು, ಎಲ್ಲವೂ ಯಾರೋ ಒಬ್ಬರ ಹೆಸರು ಹೇಳಲು ಕಾಯುತ್ತಿದ್ದಂತೆ ಕಾಣುತ್ತಿತ್ತು. ಸತ್ತವರ ಹೆಸರು ಕೇಳುತ್ತ ತಿರುಗಿದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹುಚ್ಚಪ್ಪನ ಫೋನು ಬಂತು. ದನಿಯಲ್ಲಿ ಉತ್ಸಾಹ.

"ಸಾರ್, ಕಲ್ಲು ಕಿತ್ವಿ. ಕೆಳಗೂ ಅಕ್ಷರ ಐತೆ ಸಾರ್. ಇನ್ನೊಂದ್ಸಲ ಪೇಪರಿಗೆ ಹಾಕಬೋದು."

ಹೋದೆ. ಹೊಲವನ್ನು ಶುಂಠಿಗೆ ಹದ ಮಾಡುತ್ತಿದ್ದ. ಪಟ್ಟೆ ನೇರವಾಗಿ ಎಳೆಯಲು ನಡುವಿನ ಕಲ್ಲು ಅಡ್ಡ ಎಂದು ಅವನಿಗೆ ಎಷ್ಟೋ ವರ್ಷದಿಂದ ಇತ್ತಂತೆ. ತಾಯಿ ಬಿಟ್ಟಿರಲಿಲ್ಲ. ಅಜ್ಜಿಯನ್ನು ಎಬ್ಬಿಸ್ತೀಯೇನೋ ಎಂದು ಅಡ್ಡ ನಿಲ್ಲುತ್ತಿದ್ದವರು ಈ ಸಲ ನಿನ್ನಿಷ್ಟ ಎಂದರಂತೆ. ನೀವೇ ಹೇಳಿದ್ರಲ್ಲ ಸಾರ್, ನಮ್ಮ ಮನೇರಲ್ಲ ಯಾರೋ ಅಂತ, ಎಂದು ಹುಚ್ಚಪ್ಪ ಮುಗ್ಧವಾಗಿ ಅಂದ. ಹುಣ್ಣಿಮೆಯ ದಿನದ ಸಂಗತಿಯನ್ನು ಲೀಲಾವತಿ ಹೇಳಿದಳು. ಅತ್ತೆ ಎಂದಿನಂತೆ ಎರಡು ಎಡೆ ಕಟ್ಟಿಕೊಂಡೇ ಬಂದರಂತೆ. ಭೂಮಿಗೆ ಒಂದು ಇಟ್ಟರು. ಇನ್ನೊಂದನ್ನು ಕೈಯಲ್ಲಿ ಹಿಡಿದು ಕಲ್ಲಿನ ತನಕ ಹೋಗಿ, ನಿಂತು, ಹಾಗೇ ವಾಪಸು ತಂದರು. ಗಂಡಸಿಗೆ ಎಡೆ ಇಡೋದು ನಂಗೆ ಯಾರೂ ಹೇಳಿಕೊಟ್ಟಿಲ್ಲ ಎಂದರಂತೆ.

ಕಲ್ಲು ಬದುವಿನ ಪಕ್ಕ ಅಂಗಾತ ಬಿದ್ದಿತ್ತು. ನಾನು ನೋಡಿದ್ದಕ್ಕಿಂತ ಎರಡರಷ್ಟು ಉದ್ದ. ದನಗಳು ಈಗ ಪೂರ್ತಿ ಕಾಣುತ್ತಿದ್ದವು, ಅವುಗಳ ನಡುವೆ ಕೇತ ಬಿಲ್ಲು ಹಿಡಿದಿದ್ದ. ಬುಡದ ಪಟ್ಟಿಯಲ್ಲಿ ಎರಡು ಸಾಲು. ಮಣ್ಣಿನೊಳಗೆ ಎಣ್ಣೆ ತಾಗದೆ, ಬಿಸಿಲು ಮಳೆ ಬೀಳದೆ ಇದ್ದ ಅಕ್ಷರಗಳು, ನಿನ್ನೆ ಕೆತ್ತಿದ ಹಾಗೆ. ಹಿಟ್ಟು ಬೇಕಾಗಲೇ ಇಲ್ಲ.

ಈ ಕಲ್ಲನ್ನು ನಿಲ್ಲಿಸಿದವಳು ಅವನ ತಾಯಿ. ಮಗನಿಗೆ ವರ್ಷಕ್ಕೊಮ್ಮೆ ಎಡೆ ತಪ್ಪದಿರಲಿ ಎಂದು ತನ್ನ ಪಾಲಿನ ಭೂಮಿಯನ್ನು ಇದಕ್ಕೆ ಬಿಟ್ಟಿದ್ದಾಳೆ.

ಎಷ್ಟು ಭೂಮಿ, ತಿಳಿಯಲಿಲ್ಲ. ಅವಳ ಹೆಸರು, ತಿಳಿಯಲಿಲ್ಲ. ಕಲ್ಲು ಮಿಸುಕದಿದ್ದಾಗ ಬುಡಕ್ಕೆ ಕಬ್ಬಿಣದ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಎಳೆದಿದ್ದರು. ಸರಪಳಿ ಕಚ್ಚಿದ ಕಡೆ ಒಂದು ಅಂಗೈಯಗಲ ಚಕ್ಕೆ ಎದ್ದು ಹೋಗಿತ್ತು. 'ತಾಯಿ' ಎನ್ನುವುದು ಇತ್ತು, ಆಮೇಲೆ ಹಸಿ ಗಾಯದಂಥ ಬಿಳಿ ಕಲ್ಲು, ಆಮೇಲೆ 'ವ್ವೆ' ಎಂಬ ಕೊನೆಯ ಅಕ್ಷರ. ಆ ಕಾಲದ ಎಷ್ಟೋ ಹೆಂಗಸರ ಹೆಸರು ಹಾಗೇ ಮುಗಿಯುತ್ತದೆ. ಯಾವ ಅವ್ವೆ?

ಕಲ್ಲು ಇದ್ದ ಗುಂಡಿಯಿಂದ ಹಿಡಿದು ಎಳೆದ ದಾರಿಯುದ್ದಕ್ಕೂ ಮಣ್ಣನ್ನು ಜರಡಿ ಹಿಡಿದೆ. ಲೀಲಾವತಿ ಮನೆಯ ಜರಡಿ ತಂದುಕೊಟ್ಟಳು, ಹುಚ್ಚಪ್ಪನೂ ಒಂದು ಗಂಟೆ ಕೈ ಹಾಕಿದ. ಉಗುರಿನಷ್ಟು ಉಗುರಿನಷ್ಟು ಚೂರು ಸಿಕ್ಕವು. ಒಂದರ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಅರ್ಧ ಬಳ್ಳಿ. ರುಮಾಲಿನಲ್ಲಿ ಕಟ್ಟಿ ತಂದು ವಾರಗಟ್ಟಲೆ ಕೂಡಿಸಿ ನೋಡಿದೆ. ಅಕ್ಷರವಾಗಲಿಲ್ಲ. ಆ ಹೆಸರು ನಾನು ಭಾಷಣ ಮಾಡಿದ ದಿನ ನನ್ನ ಕಾಲಿನಿಂದ ಎರಡು ಅಡಿ ಕೆಳಗೆ ಪೂರ್ತಿಯಾಗಿ ಇತ್ತು. ಅರ್ಧ ಗಂಟೆ ಅಗೆದಿದ್ದರೆ ಸಾಕಿತ್ತು. ಅಜ್ಜಿ ಎಂದು ಆ ಮನೆಯ ಹೆಂಗಸರು ಸೊಸೆಯಿಂದ ಸೊಸೆಗೆ ದಾಟಿಸಿಕೊಂಡು ಬಂದದ್ದು ಯಾರನ್ನು ಎಂದು ಆಗ ನನಗೆ ತಿಳಿದಿರುತ್ತಿತ್ತು. ಮರೆತವರು ಅವರಾಗಿರಲಿಲ್ಲ.

ಅವತ್ತೇ ಮನೆಗೆ ಹೋಗಿ ಗುತ್ತೆಮ್ಮನ ಮುಂದೆ ಕೂತೆ. ಅವರು ಹಿತ್ತಿಲ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಪ್ಪು ನನ್ನದು, ಕಲ್ಲು ಮಗನದಾದರೂ ಅದನ್ನು ನೆಟ್ಟು ಭೂಮಿ ಬಿಟ್ಟವಳು ತಾಯಿ, ನೀವು ಹೇಳಿದ ಅಜ್ಜಿ ಅವಳೇ ಇರಬೇಕು, ನೀವು ಇಡುತ್ತಿದ್ದ ಎಡೆ ಅವಳು ಇಡಲು ಹೇಳಿದ ಎಡೆಯೇ, ಎಂದೆಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಹೆಸ್ರು ಎಂತ ಅವಳದು?"

ಹೆಸರು ಒಡೆದು ಹೋಗಿದೆ ಎಂದೆ.

"ಅವನದು?"

"ಅವನದು ಐತ್ರೀ. ಕೇತ."

ಅವರು ಒಂದು ಹಿಡಿ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು. "ಹಬ್ಬದಾಗೆ ಬಂದು ಗಂಡಸು ಅಂದ್ರಿ. ಈಗ ಹೆಂಗಸು ಅಂತೀರಿ. ಓದಿದೋರು ನೀವು, ಎರಡೂ ಖರೇನೇ ಇರ್ಬೋದು. ನಂಗೆ ಮಾತ್ರ ಇನ್ನು ಕೈ ಬರಾದಿಲ್ಲ ಸಾಹೇಬ್ರೆ."

ಅಮ್ಮಾ, ನಿಮ್ಮ ಹೆಸರೇನು ಎಂದು ಅವತ್ತು ಕೇಳಿದೆ. ಅದನ್ನು ತಗಂಡು ಈಗ ಎಂತ ಮಾಡ್ತೀರಿ ಎಂದರು. ಅಂಗಳಕ್ಕೆ ಕಳಿಸಲು ಬಂದ ಲೀಲಾವತಿ ಹೆಸರು ಹೇಳಿದಳು.

ಪತ್ರಿಕೆಗೆ ಎರಡನೇ ಬರಹ ಕಳಿಸಿದೆ. ಗುತ್ತೆಮ್ಮನವರ ಹೆಸರು, ಅವರ ಅತ್ತೆಯವರಿಂದ ಬಂದ ಪದ್ಧತಿ, ನನ್ನ ತಪ್ಪು, ಎಲ್ಲ ಬರೆದಿದ್ದೆ. ಅದೇ ಕಲ್ಲಿನ ವಿಷಯ ಆಗಲೇ ಬಂದಾಗಿದೆಯಲ್ಲ ಎಂದು ಹಾಕಲಿಲ್ಲ. ಶುಂಠಿ ಬೀಜ ಇಡುವ ಮೊದಲು ಕಲ್ಲನ್ನು ಮತ್ತೆ ಹಳೇ ಜಾಗದಲ್ಲೇ ನಿಲ್ಲಿಸೋಣ, ಖರ್ಚು ನನ್ನದು ಎಂದು ಹುಚ್ಚಪ್ಪನನ್ನು ಕೇಳಿಕೊಂಡೆ. ಅವ್ವ ಬೇಡ ಅಂತಾಳೆ ಸಾರ್ ಎಂದ.

ಮಳೆಗಾಲ ಬಂತು, ಹೋಯಿತು. ಆ ದಾರಿಯಲ್ಲಿ ಅಳತೆ ಬಿದ್ದರೆ ಬೇರೆಯವರಿಗೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮತ್ತೆ ನವರಾತ್ರಿ ಮುಗಿದಾಗ ಲೀಲಾವತಿಯ ಫೋನು ಬಂತು, ಹುಣ್ಣಿಮೆಗೆ ಬರಬೇಕಂತೆ, ಅತ್ತೆ ಹೇಳಿದಾರೆ ಎಂದಳು.

ನಾನು ಮುಟ್ಟುವ ಹೊತ್ತಿಗೆ ಚರಗ ಬೀರಿ ಆಗಿತ್ತು. ಶುಂಠಿ ಮೊಣಕಾಲೆತ್ತರ ನಿಂತಿತ್ತು, ಕಲ್ಲಿದ್ದ ಜಾಗ ಯಾವುದೆಂದು ಗುರುತು ಸಿಗುವಂತಿರಲಿಲ್ಲ. ಬದುವಿನ ಮೇಲೆ ಬಾಳೆ ಎಲೆ ಹಾಕಿ ಮನೆಯವರು ಊಟಕ್ಕೆ ಕೂತಿದ್ದರು. ಗುತ್ತೆಮ್ಮ ನನಗೆ ಎಲೆ ಹಾಕಲಿಲ್ಲ. ಬುಟ್ಟಿಯೊಳಗಿಂದ ಬೇರೆಯಾಗಿ ಕಟ್ಟಿಟ್ಟ ಒಂದು ಎಡೆಯನ್ನು ತೆಗೆದು, ಬಿಚ್ಚಿ, ನನ್ನ ಮುಂದೆ ಇಟ್ಟರು. ಕಡುಬು, ಮೊಸರು ಬುತ್ತಿ, ಸೊಪ್ಪಿನ ಪಲ್ಯ, ತುದಿಯಲ್ಲಿ ಒಂದು ಚೂರು ಬೆಲ್ಲ.

"ಅಜ್ಜಿ ಪಾಲು," ಎಂದರು. "ಮಾಡಾದು ಬಿಡಕ್ಕೆ ಆಗ್ಲಿಲ್ಲ. ಎಲ್ಲಿ ಇಡ್ಬೇಕು, ಯಾರಿಗೆ ಇಡ್ಬೇಕು, ಅದು ನಂಗೆ ಗೊತ್ತಿಲ್ಲ. ಗೊತ್ತಿರೋರು ನೀವೊಬ್ರು. ಉಣ್ಣಿ."

ಹುಚ್ಚಪ್ಪ ತಲೆ ಬಗ್ಗಿಸಿ ತನ್ನ ಎಲೆ ನೋಡಿಕೊಂಡ. ನಾನು ಕಡುಬು ಮುರಿದೆ. ಉಂಡೆ. ಮುಗಿಯುವವರೆಗೆ ಗುತ್ತೆಮ್ಮ ಎದುರಿಗೇ ಕೂತಿದ್ದರು. ಆಮೇಲೆ ಎಲೆಯನ್ನು ತಾವೇ ಮಡಚಿ ಎತ್ತಿಕೊಂಡು, ಚೊಂಬಿನಿಂದ ನನ್ನ ಕೈಗೆ ನೀರು ಹಾಕಿದರು.